ಮೆಟಲ್‌ಗೆ ಎಲೆಕ್ಟ್ರಾನಿಕ್ ಬೆರೆಸಿ ಮೊದಲ ಆಲ್ಬಂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೆವಿ ಮೆಟಲ್ ಮತ್ತು ಎಲೆಕ್ಟ್ರಾನಿಕ್ ಸಂಗೀತವನ್ನು ಬೆರೆಸಿ ಮೊದಲ ಆಲ್ಬಂ ಸಿದ್ಧಪಡಿಸುತ್ತಿರುವವರು ಬರೆದು ಕೇಳಿದ್ದನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೇಲೆ ಸಿಂಥ್ (ಸಿಂಥಸೈಜರ್) ಹಾಕಿದರೆ ಆಮೇಲೆ ತಂದು ಅಂಟಿಸಿದ ಹಾಗೆ ಕೇಳಿಸುತ್ತದೆ. ಇದನ್ನು ಚೆನ್ನಾಗಿ ಮಾಡಿದ ಬ್ಯಾಂಡ್‌ಗಳ ಮೊದಲ ಆಲ್ಬಂಗಳು ಯಾವುವು? ಅವುಗಳಲ್ಲಿ ಏನನ್ನು ಗಮನಿಸಬೇಕು? (ಹುಬ್ಬಳ್ಳಿ)

ಗಾಡ್‌ಫ್ಲೆಶ್ ಬ್ಯಾಂಡಿನ ‘ಸ್ಟ್ರೀಟ್‌ಕ್ಲೀನರ್’ನಿಂದ ಶುರು ಮಾಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವರು, ಆಲ್ಬಂ 1989ರ ನವೆಂಬರ್‌ನಲ್ಲಿ ಇಯರೇಕ್ ಕಂಪನಿಯಿಂದ ಬಂತು. ಜಸ್ಟಿನ್ ಬ್ರಾಡ್ರಿಕ್ ಗಿಟಾರ್ ಮತ್ತು ಗಾಯನ, ಜಿ.ಸಿ. ಗ್ರೀನ್ ಬಾಸ್. ಡ್ರಮ್ಮರ್ ಇಲ್ಲ, ಅವನ ಜಾಗದಲ್ಲಿ ಅಲೆಸಿಸ್ ಎಚ್‌ಆರ್-16 ಎಂಬ ಡ್ರಮ್ ಮಷಿನ್. ಆ ಕಾಲದ ಮೆಟಲ್‌ನಲ್ಲಿ ಡ್ರಮ್ ಮಷಿನ್ ಅಂದರೆ ಡೆಮೊ ಮಾಡುವಾಗ ಡ್ರಮ್ಮರ್ ಸಿಗದಿದ್ದರೆ ಬಳಸುವ ವಸ್ತು. ಇವರು ಅದನ್ನು ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. ಸ್ನೇರ್ (ಚಟ್ ಎನ್ನುವ ಡ್ರಮ್) ಪ್ರತಿ ಸಲವೂ ಒಂದೇ ಬಲದಲ್ಲಿ, ಒಂದೇ ದನಿಯಲ್ಲಿ ಬೀಳುತ್ತದೆ. ಆ ಬೀಟ್‌ಗಳ ಹಿಂದೆ ಮೆಟಲ್‌ಗಿಂತ ಹಿಪ್‌ಹಾಪ್‌ನ ಪ್ರಭಾವ ಹೆಚ್ಚು.

ಕೇಳುವಾಗ ಗಿಟಾರ್ ಬಿಟ್ಟು ಬಾಸ್ ಕಡೆ ಕಿವಿ ಕೊಡಿ. ರಿಫ್ ಹೊತ್ತುಕೊಂಡಿರುವುದು ಬಹುಪಾಲು ಬಾಸ್ ಮತ್ತು ಮಷಿನ್. ಗಿಟಾರ್ ಮೇಲುಗಡೆ ಕರ್ಕಶವಾಗಿ, ಎಷ್ಟೋ ಕಡೆ ಫೀಡ್‌ಬ್ಯಾಕ್ ಆಗಿಯೇ ನಿಂತಿದೆ. ಸಾಮಾನ್ಯ ಮೆಟಲ್ ಬ್ಯಾಂಡಿನಲ್ಲಿ ಯಾರು ಯಾವ ಕೆಲಸ ಮಾಡುತ್ತಾರೋ ಅದು ಇಲ್ಲಿ ಅದಲುಬದಲಾಗಿದೆ. ಯಂತ್ರಕ್ಕೆ ನಿಜವಾದ ಕೆಲಸ ಸಿಕ್ಕಿರುವುದರಿಂದಲೇ ಅದು ಅಂಟಿಸಿದಂತೆ ಕೇಳಿಸುವುದಿಲ್ಲ.

ಆಮೇಲೆ ರಾಮ್‌ಸ್ಟೈನ್‌ನ ‘ಹೆರ್ಟ್ಸೆಲೈಡ್’ (1995). ಬರ್ಲಿನ್ನಿನ ಬ್ಯಾಂಡ್, ರೆಕಾರ್ಡ್ ಮಾಡಿದ್ದು ಸ್ಟಾಕ್‌ಹೋಮ್‌ನ ಪೋಲಾರ್ ಸ್ಟುಡಿಯೋದಲ್ಲಿ, ನಿರ್ಮಾಪಕ ಯಾಕೋಬ್ ಹೆಲ್ನರ್. ಇಲ್ಲಿ ರಿಫ್‌ಗಳು ಸರಳ, ನಡುನಡುವೆ ಧಾರಾಳ ಬಿಡುವು. ಆ ಬಿಡುವಿನಲ್ಲಿ ಕೀಬೋರ್ಡ್ ಸೀಕ್ವೆನ್ಸ್ ಉಸಿರಾಡುತ್ತದೆ. ಸ್ಟ್ಯಾಟಿಕ್-ಎಕ್ಸ್‌ನ ‘ವಿಸ್ಕಾನ್ಸಿನ್ ಡೆತ್ ಟ್ರಿಪ್’ (1999) ಮತ್ತೂ ಒಂದು ದಾರಿ ಹಿಡಿಯುತ್ತದೆ: ಗಿಟಾರನ್ನೇ ಸೀಕ್ವೆನ್ಸರ್‌ನಂತೆ ಚಿಕ್ಕಚಿಕ್ಕದಾಗಿ ಕತ್ತರಿಸಿ ನುಡಿಸುವುದು, ಸೋಲೊಗಳ ಗೋಜಿಗೇ ಹೋಗದಿರುವುದು. ಎಂಟರ್ ಶಿಕಾರಿಯ ‘ಟೇಕ್ ಟು ದ ಸ್ಕೈಸ್’ (2007) ಟ್ರಾನ್ಸ್ ಸಿಂಥ್ ಮತ್ತು ಬ್ರೇಕ್‌ಡೌನ್‌ಗಳನ್ನು (ವೇಗ ತಗ್ಗಿ ಭಾರವಾಗುವ ಭಾಗಗಳು) ಸರದಿಯ ಮೇಲೆ ತರುತ್ತದೆ. ತಮ್ಮದೇ ಲೇಬಲ್‌ನಲ್ಲಿ ತಂದ ಆ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು.

ನಿಮ್ಮ ಹಾಡಿಗೆ ಹೀಗೊಂದು ಪರೀಕ್ಷೆ ಮಾಡಿ. ಸಿಂಥ್ ಟ್ರ್ಯಾಕ್‌ಗಳನ್ನೆಲ್ಲ ಮ್ಯೂಟ್ ಮಾಡಿ ಕೇಳಿ. ಹಾಡು ಹಾಗೇ ನಿಂತರೆ ಸಿಂಥ್‌ಗೆ ಅಲ್ಲಿ ಕೆಲಸವಿಲ್ಲ ಎಂದರ್ಥ. ಇನ್ನೊಂದು ಪದರ ಸೇರಿಸಬೇಡಿ, ಗಿಟಾರಿನಿಂದ ತೆಗೆಯಿರಿ. ಒಂದು ಬಾರ್‌ನ (ನಾಲ್ಕು ಬೀಟ್‌ಗಳ ಆವರ್ತ) ಹದಿನಾರು ಭಾಗಗಳನ್ನು ಕಾಗದದ ಮೇಲೆ ಬರೆದು, ಗಿಟಾರ್ ಯಾವುದರಲ್ಲಿ, ಸಿಂಥ್ ಯಾವುದರಲ್ಲಿ ಎಂದು ಗುರುತು ಹಾಕಿ. ಎರಡೂ ಹದಿನಾರರಲ್ಲೂ ಇದ್ದರೆ ಗಿಟಾರಿನ ಆರೇಳು ಹೊಡೆತಗಳನ್ನು ಅಳಿಸಿ ಮತ್ತೆ ಕೇಳಿ.

ಪ್ರಶ್ನೆ: ನಮ್ಮದು ಡ್ರಾಪ್ ಸಿ ಟ್ಯೂನಿಂಗ್ (ಗಿಟಾರಿನ ಕೆಳಗಿನ ತಂತಿಯನ್ನು ‘ಸಿ’ಗೆ ಇಳಿಸಿದ್ದು). ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್), ಬಾಸ್ ಗಿಟಾರ್, ಸಿಂಥ್‌ನ ಸಬ್ ಬಾಸ್ (ಅತಿ ಕೆಳಗಿನ ದನಿ) ಬೇರೆಬೇರೆ ಕೇಳಿದರೆ ಚೆನ್ನಾಗಿವೆ. ಮೂರೂ ಸೇರಿದರೆ ಕಲಸುಮೇಲೋಗರ. (ಮೈಸೂರು, ಶಿವಮೊಗ್ಗ ಮತ್ತು ಇನ್ನೂ ಹಲವರು)

ಅತಿ ಹೆಚ್ಚು ಜನ ಕೇಳಿದ್ದು ಇದನ್ನೇ. ಮೊದಲು ಲೆಕ್ಕ ನೋಡಿ. ಡ್ರಾಪ್ ಸಿ ಗಿಟಾರಿನ ಕೆಳಗಿನ ತಂತಿ 65 ಹರ್ಟ್ಸ್. ಬಾಸ್ ಗಿಟಾರಿನ ಅದೇ ಸ್ವರ 33 ಹರ್ಟ್ಸ್, ಅದರ ಎರಡನೇ ಹಾರ್ಮೋನಿಕ್ (ಮೂಲಸ್ವರದ ದುಪ್ಪಟ್ಟು ಕಂಪನದ ಉಪಸ್ವರ) ಮತ್ತೆ 65. ಕಿಕ್‌ನ ತೂಕ ಸಾಮಾನ್ಯವಾಗಿ 50ರಿಂದ 70ರೊಳಗೆ. ಸಬ್ ಬಾಸ್ ಕೂಡ ಅಲ್ಲೇ. ಒಂದೇ ಬಾಗಿಲಲ್ಲಿ ನಾಲ್ಕು ಜನ ಸಿಕ್ಕಿಕೊಂಡಿದ್ದಾರೆ. ಈಕ್ವಲೈಸರ್ ಒಂದರಿಂದಲೇ ಇದು ಬಗೆಹರಿಯುವುದಿಲ್ಲ. ಹಾಡಿನ ಒಂದೊಂದು ಭಾಗದಲ್ಲೂ 80 ಹರ್ಟ್ಸ್‌ಗಿಂತ ಕೆಳಗಿನ ಜಾಗ ಯಾರದ್ದು ಎಂದು ಮಿಕ್ಸಿಂಗ್‌ಗೂ ಮೊದಲೇ ತೀರ್ಮಾನಿಸಬೇಕು.

ಗಿಟಾರ್‌ಗಳಿಗೆ 90–100 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಗ್ಗಿಸುವ ಫಿಲ್ಟರ್) ಹಾಕಿ, ಇಳಿಜಾರು 12 ಡಿಬಿ ಸಾಕು. ಮೂಲಸ್ವರವೇ ತಗ್ಗಿಹೋಯಿತಲ್ಲ ಎಂಬ ಭಯ ಬೇಡ. 130 ಮತ್ತು 196ರಲ್ಲಿರುವ ಹಾರ್ಮೋನಿಕ್‌ಗಳಿಂದ ಕಿವಿ ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಗಿಟಾರನ್ನು ಸೋಲೊದಲ್ಲಿ ಕೇಳಿ ಈ ಸಂಖ್ಯೆಯನ್ನು ನಿರ್ಧರಿಸಬೇಡಿ. ಅಲ್ಲಿ ಖಂಡಿತ ತೆಳುವಾಗಿಯೇ ಕೇಳುತ್ತದೆ.

ಬಾಸ್ ಗಿಟಾರಿನ ಡಿಐ ಟ್ರ್ಯಾಕನ್ನು (ಆಂಪ್ ಇಲ್ಲದೆ ನೇರ ರೆಕಾರ್ಡ್ ಮಾಡಿದ್ದು) ಎರಡು ಪ್ರತಿ ಮಾಡಿ. ಕೆಳಗಿನ ಪ್ರತಿಗೆ 150–200 ಹರ್ಟ್ಸ್‌ನಲ್ಲಿ ಲೋಪಾಸ್ (ಮೇಲಿನದನ್ನು ತಗ್ಗಿಸುವ ಫಿಲ್ಟರ್), ಡಿಸ್ಟಾರ್ಶನ್ ಇಲ್ಲ, ಚೆನ್ನಾಗಿ ಕಂಪ್ರೆಸ್ ಮಾಡಿ. ಮೇಲಿನ ಪ್ರತಿಗೆ 200ರಲ್ಲಿ ಹೈಪಾಸ್, ಬೇಕಾದಷ್ಟು ಡಿಸ್ಟಾರ್ಶನ್. ಸಿಂಥ್ ಸಬ್ ಬರುವ ಭಾಗಗಳಲ್ಲಿ ಬಾಸ್‌ನ ಕೆಳಗಿನ ಪ್ರತಿಯನ್ನು ಪೂರ್ತಿ ಮ್ಯೂಟ್ ಮಾಡಿ. ಎರಡನ್ನೂ ಸ್ವಲ್ಪಸ್ವಲ್ಪ ಇಟ್ಟುಕೊಳ್ಳೋಣ ಎಂಬ ಆಸೆಯೇ ಇಲ್ಲಿ ಹಾಡು ಕೆಡಿಸುವುದು. ಕಾರಣ ಇಷ್ಟು: ಸಿಂಥ್ ಶುದ್ಧವಾಗಿ 65.4ರಲ್ಲಿ ನಿಲ್ಲುತ್ತದೆ, ತಂತಿ 10 ಸೆಂಟ್ (ಒಂದು ಫ್ರೆಟ್ ಅಂತರದ ಹತ್ತನೇ ಒಂದು ಭಾಗ) ಮೇಲಿದ್ದರೆ 65.8ಕ್ಕೆ ಹತ್ತಿರ. ಆ ವ್ಯತ್ಯಾಸದಿಂದ ಸುಮಾರು ಎರಡೂವರೆ ಸೆಕೆಂಡಿಗೊಮ್ಮೆ ಇಡೀ ಬಾಸ್ ಉಬ್ಬಿ ಇಳಿಯುತ್ತದೆ. ಬಹಳ ಜನ ಅದು ಕಂಪ್ರೆಸರ್‌ನ ತಪ್ಪು ಎಂದುಕೊಂಡು ಅದರ ಗುಂಡಿಗಳನ್ನು ತಿರುಗಿಸುತ್ತ ಕೂರುತ್ತಾರೆ.

ಈಗ ಕಿಕ್. ಸಬ್ ಮೇಲೆ ಕಂಪ್ರೆಸರ್ ಹಾಕಿ, ಅದರ ಸೈಡ್‌ಚೈನ್‌ಗೆ ಕಿಕ್ ಕೊಡಿ (ಕಿಕ್ ಬಿದ್ದಾಗಲೆಲ್ಲ ಸಬ್ ತಗ್ಗುತ್ತದೆ): ಅಟ್ಯಾಕ್ 1 ಮಿಲಿಸೆಕೆಂಡ್ ಅಥವಾ ಕಡಿಮೆ, 4ರಿಂದ 6 ಡಿಬಿ ತಗ್ಗಲಿ, ರಿಲೀಸ್ 80–120 ಮಿಲಿಸೆಕೆಂಡ್. ಇದು ನಿಧಾನದ ಭಾಗಗಳಿಗೆ. ಡಬಲ್ ಕಿಕ್ ಬಂದಾಗ ಲೆಕ್ಕ ಬದಲಾಗುತ್ತದೆ. 180 ಬಿಪಿಎಂನಲ್ಲಿ (ನಿಮಿಷಕ್ಕೆ 180 ಬೀಟ್) ಹದಿನಾರನೇ ಭಾಗದ ಎರಡು ಹೊಡೆತಗಳ ನಡುವೆ ಇರುವುದು 83 ಮಿಲಿಸೆಕೆಂಡ್. ರಿಲೀಸ್ 120 ಇದ್ದರೆ ಸಬ್ ಮೇಲೇಳುವ ಮೊದಲೇ ಮುಂದಿನ ಹೊಡೆತ ಬಿದ್ದು, ಇಡೀ ಭಾಗದಲ್ಲಿ ಸಬ್ ಕಾಣೆಯಾಗುತ್ತದೆ. ಅಲ್ಲಿ ರಿಲೀಸನ್ನು 40–50ಕ್ಕೆ ಇಳಿಸಿ, ಇಲ್ಲವೇ ಸಬ್ಬನ್ನೇ ತೆಗೆದು ಕಿಕ್‌ಗೆ ಜಾಗ ಬಿಡಿ. ನಮ್ಮ ಒಲವು ಎರಡನೆಯದರ ಕಡೆ. 808 ಡ್ರಮ್ ಮಷಿನ್ ಬಗೆಯ ಉದ್ದ ಬಾಲದ ಕಿಕ್ಕನ್ನೂ ಡಬಲ್ ಕಿಕ್ ಭಾಗದಲ್ಲಿ ಬಳಸಬೇಡಿ, ಬಾಲದ ಮೇಲೆ ಬಾಲ ಬಿದ್ದು ಹೊಡೆತವೇ ಅಳಿಸಿಹೋಗುತ್ತದೆ. ಅದನ್ನು ಬ್ರೇಕ್‌ಡೌನ್‌ಗೆ ಉಳಿಸಿಕೊಳ್ಳಿ.

ಕೊನೆಗೆ 120 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಮೊನೊ ಆಗಿರಲಿ. ಮೊಬೈಲ್ ಸ್ಪೀಕರಿನಲ್ಲಿ ಸಬ್ ಕೇಳುವುದೇ ಇಲ್ಲ. ಅದಕ್ಕೆ ಸ್ವಲ್ಪ ಸ್ಯಾಚುರೇಶನ್ ಕೊಟ್ಟು ಮೇಲಿನ ಹಾರ್ಮೋನಿಕ್‌ಗಳನ್ನು ಹುಟ್ಟಿಸಿದರೆ ಸಣ್ಣ ಸ್ಪೀಕರಿನಲ್ಲೂ ಸ್ವರ ಗೊತ್ತಾಗುತ್ತದೆ.

ಪ್ರಶ್ನೆ: ಕ್ಲಿಕ್‌ಗೆ (ತಾಳ ತೋರಿಸುವ ಟಕ್‌ಟಕ್ ಸದ್ದು) ಸರಿಯಾಗಿಯೇ ನುಡಿಸುತ್ತೇವೆ. ಆದರೂ ಪ್ರೋಗ್ರಾಂ ಮಾಡಿದ ಡ್ರಮ್‌ಗಿಂತ ಗಿಟಾರ್ ಸದಾ ಒಂದು ಕೂದಲೆಳೆ ಹಿಂದೆ. (ದಾವಣಗೆರೆ)

ನುಡಿಸುವವರನ್ನು ಅನುಮಾನಿಸುವ ಮೊದಲು ಇಂಟರ್‌ಫೇಸ್‌ನ (ವಾದ್ಯವನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ತಡವನ್ನು ಅಳೆಯಿರಿ. ಅದರ ಒಂದನೇ ಔಟ್‌ಪುಟ್‌ನಿಂದ ಒಂದನೇ ಇನ್‌ಪುಟ್‌ಗೆ ಕೇಬಲ್ ಹಾಕಿ. ಡೈರೆಕ್ಟ್ ಮಾನಿಟರಿಂಗ್ ಆಫ್ ಮಾಡಿ, ರೆಕಾರ್ಡ್ ಆಗುವ ಟ್ರ್ಯಾಕಿನ ಮಾನಿಟರಿಂಗ್ ಕೂಡ ಆಫ್ ಇರಲಿ. ಇಲ್ಲದಿದ್ದರೆ ಕೂಗು ಏಳುತ್ತದೆ. ಗ್ರಿಡ್ ಮೇಲೆ ಕೂತ ಒಂದು ಕ್ಲಿಕ್ಕನ್ನು ಹೊರಗೆ ಕಳಿಸಿ ಮತ್ತೆ ರೆಕಾರ್ಡ್ ಮಾಡಿ. ಎರಡೂ ಅಲೆಗಳನ್ನು ಹಿಗ್ಗಿಸಿ ನೋಡಿ. ಎರಡನೆಯದು 48,000ದ ದರದಲ್ಲಿ 240 ಸ್ಯಾಂಪಲ್ ಹಿಂದಿದ್ದರೆ 5 ಮಿಲಿಸೆಕೆಂಡ್ ತಡ. ಸಾಫ್ಟ್‌ವೇರ್‌ನ ರೆಕಾರ್ಡಿಂಗ್ ಆಫ್‌ಸೆಟ್‌ನಲ್ಲಿ ಆ ಸಂಖ್ಯೆಯನ್ನು ಕೊಟ್ಟು, ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮೈನಸ್ ಚಿಹ್ನೆ ಬೇಕೋ ಬೇಡವೋ ಎಂಬುದು ಸಾಫ್ಟ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಬೇರೆ. ಅಂತರ ದುಪ್ಪಟ್ಟಾದರೆ ಚಿಹ್ನೆ ತಿರುಗಿಸಿ.

ಮಾಸ್ಟರ್ ಟ್ರ್ಯಾಕಿನಲ್ಲಿ ಲುಕ್‌ಅಹೆಡ್ ಇರುವ ಲಿಮಿಟರ್ ಇದ್ದರೆ ರೆಕಾರ್ಡಿಂಗ್ ಹೊತ್ತಿಗೆ ತೆಗೆದುಬಿಡಿ. ಬಫರ್ 64 ಅಥವಾ 128ಕ್ಕೆ ಇಳಿಸಿ. 128 ಅಂದರೆ 48,000ದ ದರದಲ್ಲಿ ಒಂದು ದಾರಿಗೆ 2.7 ಮಿಲಿಸೆಕೆಂಡ್. 512 ಇಟ್ಟುಕೊಂಡು ಆಂಪ್ ಸಿಮ್ಯುಲೇಟರ್ ಮೂಲಕ ಕೇಳುತ್ತ ನುಡಿಸುವವರು ತಮಗೆ ಗೊತ್ತಿಲ್ಲದೆಯೇ ಮುಂದೆ ಮುಂದೆ ಹೊಡೆಯಲು ಕಲಿತುಬಿಡುತ್ತಾರೆ. ಆಮೇಲೆ ಆ ರೂಢಿ ಬಿಡಿಸುವುದು ಕಷ್ಟ.

ಇಷ್ಟಾದ ಮೇಲೂ ಜೋಡಣೆ ಸರಿಯಿಲ್ಲದಿದ್ದರೆ ತಪ್ಪು ಮಷಿನ್ ಕಡೆ ಇರಬಹುದು. ಸ್ಯಾಂಪಲ್‌ಗಳ ತಲೆಯಲ್ಲಿ 5–10 ಮಿಲಿಸೆಕೆಂಡ್ ಮೌನ ಉಳಿದಿರುವುದು ಬಹಳ ಸಾಮಾನ್ಯ, ಕತ್ತರಿಸಿ. ಸಿಂಥ್‌ನ ಅಟ್ಯಾಕ್ 20 ಇದ್ದರೆ ರಿಫ್ ಜೊತೆ ಅದು ಕೂಡುವುದಿಲ್ಲ, 0–2ಕ್ಕೆ ತನ್ನಿ. ಗಿಟಾರನ್ನು ಕೈಯಿಂದ ಸರಿಸುವಾಗ ಪಿಕ್ ತಂತಿಗೆ ತಾಗುವ ಕೆರೆತವನ್ನು ಗ್ರಿಡ್‌ಗೆ ಕೂರಿಸಬೇಡಿ. ಪಾಮ್ ಮ್ಯೂಟ್‌ನ (ಅಂಗೈಯಿಂದ ತಂತಿ ಒತ್ತಿ ನುಡಿಸುವುದು) ಗುದ್ದು ಎಲ್ಲಿ ಏಳುತ್ತದೋ ಅದನ್ನು ಕೂರಿಸಿ. ಬಾರ್‌ನ ಮೊದಲ ಹೊಡೆತ ಮತ್ತು ಸ್ನೇರ್ ಜೊತೆ ಬೀಳುವ ಹೊಡೆತ ಸರಿಯಾದರೆ ಉಳಿದದ್ದನ್ನು ಬಿಟ್ಟುಬಿಡಿ. ಡ್ರಮ್ ಪ್ರೋಗ್ರಾಂನ ‘ಹ್ಯೂಮನೈಸ್’ ಗುಂಡಿಯನ್ನು ಈ ಶೈಲಿಯಲ್ಲಿ ಮುಟ್ಟದಿರುವುದೇ ಒಳ್ಳೆಯದು. ಯಂತ್ರ ಯಂತ್ರದಂತೆ ನಡೆದು, ಅದರ ಎದುರು ಮನುಷ್ಯ ನುಡಿಸಿದಾಗ ಹುಟ್ಟುವ ಎಳೆದಾಟಕ್ಕಾಗಿಯೇ ಈ ಸಂಗೀತ ಇರುವುದು. ಎರಡನ್ನೂ ಅರ್ಧರ್ಧ ಅಲುಗಾಡಿಸಿದರೆ ಬರೀ ಅಭ್ಯಾಸವಿಲ್ಲದ ಡ್ರಮ್ಮರ್ ಕೇಳಿಸುತ್ತಾನೆ.

ಪ್ರಶ್ನೆ: ಡ್ರಮ್ ಆ್ಯಂಡ್ ಬಾಸ್ ವೇಗಕ್ಕೆ ರಿಫ್ ಕೂಡಿಸುವುದು ಹೇಗೆ? (ಮಂಗಳೂರು)

ಪ್ರಾಜೆಕ್ಟ್ 174 ಬಿಪಿಎಂ ಇಟ್ಟು, ರಿಫ್ಫನ್ನು 87 ಎಂದು ಎಣಿಸಿ ಬರೆಯಿರಿ. ಹೈಹ್ಯಾಟ್ ಮತ್ತು ಬ್ರೇಕ್‌ಬೀಟ್ ಓಡುತ್ತಿರುತ್ತವೆ, ಗಿಟಾರ್ ತೂಗುತ್ತ ನಡೆಯುತ್ತದೆ. ಡಬ್‌ಸ್ಟೆಪ್‌ನ 140ರಲ್ಲೂ ಹೀಗೇ, ಗಿಟಾರಿಗೆ ಅದು 70. ನಾಲ್ಕೂ ಬೀಟ್‌ಗೆ ಕಿಕ್ ಬೀಳುವ 128ರ ಟೆಕ್ನೊಗೆ ಮೆಟಲ್‌ನ ಗ್ಯಾಲಪ್ ಚೆನ್ನಾಗಿ ಹೊಂದುತ್ತದೆ, ಆದರೆ ಬೀಟ್‌ನ ಮೇಲಿನ ಗಿಟಾರ್ ಹೊಡೆತವನ್ನು ಬಿಟ್ಟು ಅದನ್ನು ಕಿಕ್‌ಗೆ ಕೊಡಿ.

ಪ್ರಶ್ನೆ: ಕನ್ನಡದಲ್ಲಿ ಗ್ರೌಲ್ (ಗಂಟಲಿನ ಗುಡುಗು ಗಾಯನ) ಮಾಡಿದರೆ ಒಂದು ಪದವೂ ಅರ್ಥವಾಗುವುದಿಲ್ಲ ಎನ್ನುತ್ತಾರೆ. ವೋಕೋಡರ್ (ಸಿಂಥ್ ಸದ್ದಿಗೆ ಮಾತಿನ ರೂಪ ಕೊಡುವ ಉಪಕರಣ) ಹಾಕಿದರೆ ಇನ್ನೂ ಕಷ್ಟ. (ಬೆಂಗಳೂರು)

ಸಾಹಿತ್ಯ ಬರೆಯುವಾಗಲೇ ಇದಕ್ಕೆ ದಾರಿ ಮಾಡಿಕೊಳ್ಳಬೇಕು. ಗ್ರೌಲ್‌ಗೆ ಬಾಯಿ ತೆರೆದಿರಬೇಕು. ಆ, ಓ, ಎ ತುಂಬಿ ಬರುತ್ತವೆ, ಇ ಮತ್ತು ಉ ಸೊರಗುತ್ತವೆ. ನಮ್ಮ ಪದಗಳಲ್ಲಿ ಬಹಳಷ್ಟು ಉಕಾರದಲ್ಲೇ ಮುಗಿಯುತ್ತವೆ. ಮಾತಿನಲ್ಲಿ ಆ ಉಕಾರವನ್ನು ನಾವು ನುಂಗುತ್ತೇವಲ್ಲ, ಹಾಡುವಾಗಲೂ ನುಂಗಿ: ‘ಕತ್ತಲು’ ಎಂದು ಎಳೆಯುವ ಬದಲು ‘ಕತ್ತಲ್’ ಎಂದು ಕಡಿಯಿರಿ. ಉದ್ದ ಸ್ವರ ಬೇಕಾದ ಕಡೆ ಮೊದಲೇ ದೀರ್ಘವಿರುವ ಅಕ್ಷರವನ್ನೇ ಇಡಿ. ‘ಬಿಡು’ ಎಂಬುದನ್ನು ಎರಡು ಬೀಟ್ ಎಳೆದರೆ ಕೇಳುವವರಿಗೆ ಅದು ‘ಬೀಡು’.

ಒತ್ತಕ್ಷರ ಮಾತ್ರ ಈ ಸಂಗೀತಕ್ಕೆ ಹೇಳಿ ಮಾಡಿಸಿದ್ದು. ‘ಸುಟ್ಟ’, ‘ಕಿಚ್ಚು’, ‘ಹೊತ್ತಿ’ ಎನ್ನುವಾಗ ಒತ್ತಿನ ಮುಂಚೆ ಗಾಳಿ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ. ಆ ನಿಲುಗಡೆ ರಿಫ್‌ನ ಬಿಡುವಿನ ಮೇಲೆ, ಒತ್ತು ಒಡೆಯುವ ಸದ್ದು ಮುಂದಿನ ಹೊಡೆತದ ಮೇಲೆ ಬೀಳುವಂತೆ ಸಾಲು ಕೂರಿಸಿ. ಎಷ್ಟೇ ಡಿಸ್ಟಾರ್ಶನ್ ಇದ್ದರೂ ಪದ ಹೊರಗೆ ಬರುತ್ತದೆ.

ಮಿಕ್ಸ್‌ನಲ್ಲಿ ಗಿಟಾರ್ ಬಸ್‌ಗೆ ಡೈನಮಿಕ್ ಈಕ್ವಲೈಸರ್ ಹಾಕಿ, ದನಿ ಬಂದಾಗ ಮಾತ್ರ 2.5–3.5 ಕಿಲೋಹರ್ಟ್ಸ್‌ನಲ್ಲಿ 2–3 ಡಿಬಿ ತಗ್ಗುವಂತೆ ಮಾಡಿ. ವೋಕೋಡರ್‌ಗೆ ರಿವರ್ಬ್ ಇಲ್ಲದ, ಚೆನ್ನಾಗಿ ಕಂಪ್ರೆಸ್ ಮಾಡಿದ ದನಿಯನ್ನು ಕೊಡಿ; ಕ್ಯಾರಿಯರ್ (ದನಿ ರೂಪ ಕೊಡುವ ಮೂಲ ಸದ್ದು) ಸಾ ಟೂತ್ ಅಲೆಯ ಸಿಂಥ್ ಆಗಿರಲಿ, ಬ್ಯಾಂಡ್‌ಗಳು 16ರಿಂದ 32. ಅರ್ಥವಾಗದಿರುವುದು ಸ, ಶ, ಚ, ತ ಕಳೆದುಹೋಗುವುದರಿಂದ. ಆದ್ದರಿಂದ ಮೂಲ ದನಿಯ ಒಂದು ಪ್ರತಿಗೆ 5 ಕಿಲೋಹರ್ಟ್ಸ್‌ನಲ್ಲಿ ಹೈಪಾಸ್ ಹಾಕಿ, ವೋಕೋಡರ್ ಅಡಿಯಲ್ಲಿ ಮೆಲ್ಲಗೆ ಬೆರೆಸಿ. ಗ್ರೌಲ್‌ಗೆ ಖಚಿತ ಸ್ವರಸ್ಥಾನವಿಲ್ಲ, ವೋಕೋಡರ್ ಅದನ್ನು ಕ್ಯಾರಿಯರ್‌ನಿಂದ ತಂದುಕೊಡುತ್ತದೆ. ಹೀಗೆ ಗ್ರೌಲ್‌ನಲ್ಲೇ ಕಾರ್ಡ್ ಹಾಡಿಸಬಹುದು. ಬರೀ ಮಾತನ್ನು ವೋಕೋಡರ್‌ಗೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ವಚನಗಳನ್ನೂ ಆಧುನಿಕ ಕವಿತೆಗಳನ್ನೂ ಬಳಸಬೇಕೆಂದಿದ್ದೇವೆ. ನಡುವೆ ಹಳೆಯ ಸಿನಿಮಾದ ಸಂಭಾಷಣೆ ಸ್ಯಾಂಪಲ್ ಮಾಡಿದ್ದೇವೆ. ಅನುಮತಿ ಬೇಕೆ? (ಕಲಬುರಗಿ)

ಹನ್ನೆರಡನೇ ಶತಮಾನದ ವಚನದ ಪಠ್ಯಕ್ಕೆ ಯಾರ ಅನುಮತಿಯೂ ಬೇಡ. ಆದರೆ ಈ ಕಾಲದವರು ಅದಕ್ಕೆ ಹಾಕಿದ ರಾಗಸಂಯೋಜನೆ ಅವರದ್ದು, ಅದನ್ನು ಎತ್ತಿಕೊಳ್ಳುವಂತಿಲ್ಲ. ಕವಿತೆಗೆ ಭಾರತದ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದ್ದಕ್ಕೆ 2054ರ ಕೊನೆವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರದ್ದು ಈಗ ಮುಕ್ತ.

ಸಿನಿಮಾಕ್ಕೆ ಬಿಡುಗಡೆಯ ಲೆಕ್ಕದಲ್ಲಿ 60 ವರ್ಷ. ಇಷ್ಟು ಸೆಕೆಂಡಿನವರೆಗೆ ಬಳಸಬಹುದು ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ, ಕಾಯಿದೆಯಲ್ಲಿ ಅಂಥ ಸಾಲೇ ಇಲ್ಲ. ಅನುಮತಿ ಸಿಗದಿದ್ದರೆ ಸಂಭಾಷಣೆಯನ್ನು ನೀವೇ ಬರೆದು, ಯಾರಿಂದಲಾದರೂ ಹೇಳಿಸಿ, 300ರಿಂದ 3,500 ಹರ್ಟ್ಸ್‌ಗೆ ಸೀಮಿತಗೊಳಿಸಿ ಸ್ವಲ್ಪ ಸ್ಯಾಚುರೇಟ್ ಮಾಡಿ. ಹಳೆಯ ರೀಲಿನ ದನಿ ಬಂದೇ ಬರುತ್ತದೆ. ಇನ್ನೊಂದು ಮಾತು: ಒಂದೊಂದು ಹಾಡಿಗೂ ಒಂದೊಂದು ಐಎಸ್‌ಆರ್‌ಸಿ ಸಂಖ್ಯೆ (ರೆಕಾರ್ಡಿಂಗಿನ ಗುರುತು) ಇರುತ್ತದೆ. ವಿತರಕರನ್ನು ಬದಲಿಸಿದಾಗ ಹಳೆಯ ಸಂಖ್ಯೆಯನ್ನೇ ಕೊಡಿ, ಇಲ್ಲದಿದ್ದರೆ ಕೇಳಿದವರ ಲೆಕ್ಕ ಎರಡು ಹೋಳಾಗುತ್ತದೆ.

ಪ್ರಶ್ನೆ: ಮಾಸ್ಟರಿಂಗ್ (ಹಾಡಿನ ಕೊನೆಯ ಹದ) −14 ಎಲ್‌ಯುಎಫ್‌ಎಸ್‌ಗೇ (ದನಿಯ ಜೋರಿನ ಅಳತೆ) ಮಾಡಬೇಕೆ? (ಪುಣೆ)

ಬೇಡ. ಸ್ಪಾಟಿಫೈ, ಯೂಟ್ಯೂಬ್ ಹಾಡನ್ನು ಆ ಮಟ್ಟಕ್ಕೆ ತಾವೇ ಇಳಿಸಿಕೊಳ್ಳುತ್ತವೆ. ಈ ಶೈಲಿಗೆ −9 ಆಸುಪಾಸು ಸಹಜ. ಟ್ರೂ ಪೀಕ್ −1 ದಾಟದಿರಲಿ. ಲಿಮಿಟರ್‌ನ ಮುಳ್ಳು ಸಬ್ ಬಿದ್ದಾಗಲೆಲ್ಲ 4–5 ಡಿಬಿ ಕುಸಿದು ಗಿಟಾರ್ ಕೂಡ ಮುಳುಗುತ್ತಿದ್ದರೆ ಮಾಸ್ಟರಿಂಗ್ ನಿಲ್ಲಿಸಿ, ಮಿಕ್ಸ್‌ಗೆ ವಾಪಸ್ ಹೋಗಿ ಸಬ್ಬನ್ನು 2 ಡಿಬಿ ಇಳಿಸಿ. ನಡುವಿನ ಆ್ಯಂಬಿಯಂಟ್ ತುಣುಕುಗಳನ್ನು ರಿಫ್ ಹಾಡುಗಳಷ್ಟೇ ಜೋರು ಮಾಡಬೇಡಿ, ಆಲ್ಬಂ ಚಪ್ಪಟೆಯಾಗುತ್ತದೆ.

ಪ್ರಶ್ನೆ: ವೇದಿಕೆಯಲ್ಲಿ ಲ್ಯಾಪ್‌ಟಾಪ್ ಟ್ರ್ಯಾಕ್ ಜೊತೆ ನುಡಿಸುವಾಗ ಏನೇನು ಕೈಕೊಡುತ್ತದೆ? ಒಮ್ಮೆ ಇಡೀ ಟ್ರ್ಯಾಕ್ ಅಪಸ್ವರವಾಗಿ ಬಂತು. (ಬೆಳಗಾವಿ)

ನಾಲ್ಕು ಔಟ್‌ಪುಟ್ ಇರುವ ಇಂಟರ್‌ಫೇಸ್ ತೆಗೆದುಕೊಳ್ಳಿ. ಒಂದು ಮತ್ತು ಎರಡು ಡಿಐ ಬಾಕ್ಸ್ ಮೂಲಕ ಪಿಎಗೆ (ಸಭಾಂಗಣದ ಸ್ಪೀಕರ್ ವ್ಯವಸ್ಥೆ), ಮೂರು ಡ್ರಮ್ಮರ್‌ನ ಕ್ಲಿಕ್‌ಗೆ, ನಾಲ್ಕರಲ್ಲಿ ಸಬ್ ಮಾತ್ರ ಪ್ರತ್ಯೇಕವಾಗಿ, ಅದಕ್ಕೂ ಒಂದು ಡಿಐ. ಸಭಾಂಗಣಕ್ಕೆ ತಕ್ಕಂತೆ ಸೌಂಡ್ ಎಂಜಿನಿಯರ್ ಸಬ್ಬನ್ನು ಇಳಿಸಲು ಇದೊಂದೇ ದಾರಿ. ಎರಡೇ ಔಟ್‌ಪುಟ್ ಇದ್ದರೆ ಎಡಕ್ಕೆ ಟ್ರ್ಯಾಕ್ ಮೊನೊದಲ್ಲಿ, ಬಲಕ್ಕೆ ಕ್ಲಿಕ್. ಬಲದ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ, ಅದು ಮಿಕ್ಸರ್ ಕಡೆ ಹೋಗದಂತೆ ನೋಡಿಕೊಳ್ಳಿ. 70 ಬಿಪಿಎಂನಂಥ ನಿಧಾನದ ಹಾಡಿಗೆ ಕ್ಲಿಕ್ಕನ್ನು ಎಂಟನೇ ಭಾಗದಲ್ಲಿ ಕೊಡಿ; ಬೀಟ್‌ಗೊಂದರಂತೆ ಕೊಟ್ಟರೆ ನಡುವೆ 857 ಮಿಲಿಸೆಕೆಂಡ್ ಖಾಲಿ, ಅಷ್ಟರಲ್ಲಿ ಎಂಥ ಡ್ರಮ್ಮರೂ ಅಲುಗುತ್ತಾನೆ. ವೈಫೈ, ನೋಟಿಫಿಕೇಶನ್, ಸ್ಲೀಪ್ ಮೂರೂ ಆಫ್. ಚಾರ್ಜರ್ ಚುಚ್ಚಿದಾಗ ಗುಂಯ್‌ಗುಡುವಿಕೆ ಬಂದರೆ ಡಿಐನ ಗ್ರೌಂಡ್ ಲಿಫ್ಟ್ ಒತ್ತಿ.

ಅಪಸ್ವರಕ್ಕೆ ಕಾರಣ ಬಹುತೇಕ ಸ್ಯಾಂಪಲ್ ರೇಟ್. 44,100ರಲ್ಲಿ ಮಾಡಿದ ಫೈಲನ್ನು ದರ ಪರಿವರ್ತಿಸದೆ 48,000ದಲ್ಲಿ ಓಡಿಸಿದರೆ ಅದು ಸುಮಾರು ಒಂದೂವರೆ ಸೆಮಿಟೋನ್ (ಒಂದು ಸೆಮಿಟೋನ್ ಅಂದರೆ ಒಂದು ಫ್ರೆಟ್) ಮೇಲೇರಿ, ವೇಗವೂ ಹೆಚ್ಚುತ್ತದೆ. ಅರ್ಧ ಸೆಮಿಟೋನ್ ಹೆಚ್ಚುವರಿ ಇರುವುದರಿಂದ ಗಿಟಾರಿನವರು ಎಷ್ಟು ಫ್ರೆಟ್ ಸರಿದರೂ ಕೂಡುವುದಿಲ್ಲ. ಎಲ್ಲ ಫೈಲುಗಳನ್ನೂ ಒಂದೇ ದರದಲ್ಲಿ ವೇವ್ ಆಗಿ ತೆಗೆದಿಟ್ಟುಕೊಳ್ಳಿ. ಸೆಟ್‌ನ ತಲೆಯಲ್ಲಿ 440 ಹರ್ಟ್ಸ್‌ನ ಹತ್ತು ಸೆಕೆಂಡಿನ ಒಂದು ಸ್ವರ ಇಡಿ. ಸೌಂಡ್‌ಚೆಕ್‌ನಲ್ಲಿ ಅದನ್ನು ಗಿಟಾರ್ ಟ್ಯೂನರ್‌ಗೆ ಕೊಡಿ: ‘ಎ’ ತೋರಿಸಿದರೆ ಸರಿ. 479ರ ಹತ್ತಿರ, ಅಂದರೆ ಎ ಶಾರ್ಪ್ ಮತ್ತು ಬಿ ನಡುವೆ ಮುಳ್ಳು ನಿಂತರೆ ಇಂಟರ್‌ಫೇಸ್ 48,000ದಲ್ಲಿದೆ, ಫೈಲ್ 44,100ರದ್ದು. 404ರ ಬಳಿ ನಿಂತರೆ ಅದರ ಉಲ್ಟಾ.